ನಕ್ಕರೆ ಬಿಪಿ ಮಾತ್ರೆ ಬಿಡಬಹುದೇ? – ಓದುಗರ ಪ್ರಶ್ನೆ, ವೈದ್ಯರ ಉತ್ತರ

ಮೇ ತಿಂಗಳ ಮೊದಲ ಭಾನುವಾರವನ್ನು ವಿಶ್ವ ನಗೆ ದಿನವೆಂದು ಆಚರಿಸುವ ರೂಢಿ ಇರುವುದರಿಂದಲೋ ಏನೋ, ಈ ಸಲ ಅಂಕಣಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ನಗುವನ್ನೇ ಕುರಿತವು. ಕೆಲವರು ನಗುವನ್ನು ಸರ್ವರೋಗಕ್ಕೂ ಮದ್ದೆಂದು ಮೊದಲೇ ಒಪ್ಪಿಕೊಂಡು ಬರೆದಿದ್ದಾರೆ, ಇನ್ನು ಕೆಲವರು ಅದೆಲ್ಲ ಬೂಟಾಟಿಕೆಯೆಂದು ತಳ್ಳಿಹಾಕಿದ್ದಾರೆ. ಎಂದಿನಂತೆ ಕೇಳಿದವರ ಹೆಸರನ್ನು ಬಿಟ್ಟು ಊರನ್ನು ಮಾತ್ರ ಉಳಿಸಿಕೊಂಡಿದ್ದೇನೆ.

ಪ್ರಶ್ನೆ: ನಾನು ನಿವೃತ್ತ ಪ್ರೌಢಶಾಲಾ ಶಿಕ್ಷಕ, ವಯಸ್ಸು 67. ಆರು ತಿಂಗಳಿಂದ ನಮ್ಮ ಬಡಾವಣೆಯ ಉದ್ಯಾನದಲ್ಲಿ ನಡೆಯುವ ನಗೆಕೂಟಕ್ಕೆ ಹೋಗುತ್ತಿದ್ದೇನೆ. ಅಲ್ಲಿ ಯಾರೂ ನಗೆಹನಿ ಹೇಳುವುದಿಲ್ಲ. ಎಲ್ಲರೂ ಸುತ್ತುಗಟ್ಟಿ ನಿಂತು, ಕೈ ಮೇಲೆತ್ತಿ, ಹೋ ಹೋ ಹಾ ಹಾ ಎಂದು ನಗುತ್ತೇವೆ. ಮಗ ಇದನ್ನು ಹುಚ್ಚರ ಸಂತೆ ಎನ್ನುತ್ತಾನೆ. ಬಲವಂತದ ನಗುವನ್ನೂ ನಿಜವಾದ ನಗುವನ್ನೂ ದೇಹ ಬೇರೆ ಬೇರೆಯೆಂದು ಗುರುತಿಸುವುದಿಲ್ಲ, ಎರಡರಿಂದಲೂ ಲಾಭ ಒಂದೇ ಎಂದು ನಮ್ಮ ಮುಖ್ಯಸ್ಥರು ಹೇಳುತ್ತಾರೆ. ಇದು ನಿಜವೇ? – ದಾವಣಗೆರೆ

ಉತ್ತರ: ಮೇಷ್ಟ್ರೇ, ನಿಮ್ಮ ಮಗನ ಮಾತೂ ಸರಿಯಲ್ಲ, ನಿಮ್ಮ ಮುಖ್ಯಸ್ಥರ ಮಾತೂ ಪೂರ್ತಿ ಸರಿಯಲ್ಲ.

ನೀವು ಹೋಗುತ್ತಿರುವ ಕೂಟದ ಮೂಲ ಮುಂಬಯಿಯಲ್ಲಿದೆ. 1995ರ ಮಾರ್ಚ್ 13ರ ಬೆಳಿಗ್ಗೆ ವೈದ್ಯ ಮದನ್ ಕಟಾರಿಯಾ ಅಲ್ಲಿನ ಉದ್ಯಾನವೊಂದರಲ್ಲಿ ಐದೇ ಜನರನ್ನು ಕೂಡಿಸಿಕೊಂಡು ಮೊದಲ ನಗೆಕೂಟವನ್ನು ಆರಂಭಿಸಿದರು. ಮೊದಮೊದಲು ಅವರೂ ಒಬ್ಬೊಬ್ಬರನ್ನು ಮಧ್ಯದಲ್ಲಿ ನಿಲ್ಲಿಸಿ ನಗೆಹನಿಗಳನ್ನೇ ಹೇಳಿಸುತ್ತಿದ್ದರು. ಎರಡು ವಾರ ಕಳೆಯುವಷ್ಟರಲ್ಲಿ ಒಳ್ಳೆಯ ನಗೆಹನಿಗಳು ಮುಗಿದು, ಇನ್ನೊಬ್ಬರ ಮನಸ್ಸು ನೋಯಿಸುವಂಥವೂ ಮುಜುಗರ ತರುವಂಥವೂ ಬರತೊಡಗಿದ್ದರಿಂದ, ಕಾರಣವೇ ಇಲ್ಲದೆ ನಗುವ ಕ್ರಮವನ್ನು ಅವರು ರೂಪಿಸಬೇಕಾಯಿತು. ಪತ್ನಿ ಮಾಧುರಿ ಯೋಗ ಬಲ್ಲವರಾಗಿದ್ದರಿಂದ ನಗುವಿನ ನಡುನಡುವೆ ದೀರ್ಘ ಉಸಿರಾಟವೂ ಸೇರಿಕೊಂಡಿತು. ಇಂದು ನಮ್ಮ ಉದ್ಯಾನಗಳಲ್ಲಿ ಬೆಳಗಿನ ಹೊತ್ತು ಕೇಳಿಬರುವ ಹೋ ಹೋ ಹಾ ಹಾ ಅಲ್ಲಿಂದ ಬಂದದ್ದು.

ಇನ್ನು ದೇಹದ ಮಾತು. ನಗು ಎಂದರೆ ಮೂಲತಃ ತುಂಡುತುಂಡಾಗಿ ಹೊರಬೀಳುವ ಉಸಿರು. ಎದೆಗೂಡನ್ನೂ ಹೊಟ್ಟೆಯನ್ನೂ ಬೇರ್ಪಡಿಸುವ ವಪೆ, ಪಕ್ಕೆಲುಬುಗಳ ನಡುವಿನ ಸ್ನಾಯುಗಳು ಮತ್ತು ಹೊಟ್ಟೆಯ ಸ್ನಾಯುಗಳು ಒಟ್ಟಾಗಿ ಹಿಂಡಿದಾಗ, ಒಂದು ‘ಹ’ಕಾರಕ್ಕೂ ಮುಂದಿನದಕ್ಕೂ ನಡುವೆ ಸುಮಾರು ಸೆಕೆಂಡಿನ ಐದನೇ ಒಂದು ಭಾಗದಷ್ಟು ಅಂತರವಿಟ್ಟುಕೊಂಡು ಗಾಳಿ ಹೊರಬರುತ್ತದೆ. ಸಾಮಾನ್ಯ ಉಸಿರಾಟದಲ್ಲಿ ಶ್ವಾಸಕೋಶದೊಳಗೆ ಉಳಿದುಬಿಡುವ ಗಾಳಿಯ ಒಂದು ಪಾಲನ್ನೂ ಈ ಹಿಂಡುವಿಕೆ ಹೊರಗೆ ದಬ್ಬುತ್ತದೆ. ನಕ್ಕು ಮುಗಿದ ಕೂಡಲೇ ತಾನಾಗಿಯೇ ಒಂದು ಆಳವಾದ ಉಸಿರನ್ನು ಎಳೆದುಕೊಳ್ಳುವುದು ಇದರಿಂದಲೇ. ನಗುವಾಗ ನಾಡಿಬಡಿತ ಸ್ವಲ್ಪ ಏರುತ್ತದೆ, ನಿಂತ ಮೇಲೆ ಇಳಿಯುತ್ತದೆ, ಬಿಗಿದಿದ್ದ ಸ್ನಾಯುಗಳು ಸಡಿಲಾಗುತ್ತವೆ. ಬಿದ್ದು ಬಿದ್ದು ನಕ್ಕವರ ಕೈಯಿಂದ ಲೋಟ ಜಾರುವುದನ್ನು ನಾವೆಲ್ಲ ಕಂಡಿದ್ದೇವೆ. ಇಷ್ಟು ಲಾಭ, ಅಂದರೆ ಉಸಿರಿನದು ಮತ್ತು ಸ್ನಾಯುಗಳದು, ಬಲವಂತದ ನಗುವಿನಿಂದಲೂ ಸಿಗುತ್ತದೆ.

ಆದರೆ ಮಿದುಳಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ ಎನ್ನುವುದು ತಪ್ಪು. ಫ್ರಾನ್ಸಿನ ವೈದ್ಯ ಡುಶೆನ್ 1862ರಷ್ಟು ಹಿಂದೆಯೇ ತೋರಿಸಿದಂತೆ, ತುಟಿಯ ಅಂಚನ್ನು ಮೇಲೆಳೆಯುವ ಸ್ನಾಯು ನಾವು ಹೇಳಿದಂತೆ ಕೇಳುತ್ತದೆ, ಕಣ್ಣಿನ ಸುತ್ತ ಸುಕ್ಕು ಮೂಡಿಸುವ ಸ್ನಾಯು ಮಾತ್ರ ಬಹುಮಟ್ಟಿಗೆ ನಿಜವಾದ ಸಂತೋಷಕ್ಕೇ ಕದಲುತ್ತದೆ. ಎರಡು ನಗುಗಳಿಗೆ ಮಿದುಳಿನಲ್ಲಿ ಎರಡು ದಾರಿಗಳಿವೆ. ವಾರ್ಡಿನಲ್ಲಿ ಒಮ್ಮೆ ಲಕ್ವ ಹೊಡೆದ ಹಿರಿಯರೊಬ್ಬರಿಗೆ ‘ಹಲ್ಲು ತೋರಿಸಿ’ ಎಂದು ಹೇಳಿದಾಗ ಬಾಯಿಯ ಬಲಗಡೆ ಅಲುಗಲೇ ಇಲ್ಲ. ಕಾಲು ಗಂಟೆಯ ನಂತರ ಮೂರು ವರ್ಷದ ಮೊಮ್ಮಗಳು ಅಜ್ಜಿಯ ಕನ್ನಡಕ ಹಾಕಿಕೊಂಡು ಬಾಗಿಲಲ್ಲಿ ಬಂದು ನಿಂತಳು. ಅವರ ತುಟಿಯ ಎರಡೂ ಕೊನೆಗಳು ಸಮನಾಗಿ ಮೇಲೆದ್ದವು. ಆಜ್ಞೆಯ ದಾರಿ ಮುಚ್ಚಿದ್ದರೂ ಸಂತೋಷದ ದಾರಿ ತೆರೆದಿತ್ತು.

ಮುಖವನ್ನು ನಗುವಿನಂತೆ ಮಾಡಿಕೊಂಡರೆ ಮನಸ್ಸೂ ಹಿಂಬಾಲಿಸುತ್ತದೆಯೇ ಎಂಬುದರ ಬಗ್ಗೆ ಮನಶ್ಶಾಸ್ತ್ರಜ್ಞರು ಬಹಳ ಕಾಲ ಜಗಳವಾಡಿದ್ದಾರೆ. ಹಲ್ಲುಗಳ ನಡುವೆ ಪೆನ್ನು ಕಚ್ಚಿಸಿ, ತಾವು ನಗುತ್ತಿದ್ದೇವೆಂದು ಗೊತ್ತಾಗದ ಹಾಗೆ ಜನರನ್ನು ನಗಿಸಿ, ವ್ಯಂಗ್ಯಚಿತ್ರಗಳು ಹೆಚ್ಚು ತಮಾಷೆಯಾಗಿ ಕಂಡವೆಂದು ಹೇಳಿದ 1988ರ ಪ್ರಯೋಗ ಪ್ರಸಿದ್ಧವಾಯಿತು. 2016ರಲ್ಲಿ 17 ಪ್ರಯೋಗಾಲಯಗಳು ಅದನ್ನೇ ಮತ್ತೆ ಮಾಡಿ ನೋಡಿದಾಗ ಆ ಫಲ ಬರಲಿಲ್ಲ. 2022ರಲ್ಲಿ 19 ದೇಶಗಳವರು ಸೇರಿ ನಡೆಸಿದ ದೊಡ್ಡ ಅಧ್ಯಯನದಲ್ಲಿ, ಉದ್ದೇಶಪೂರ್ವಕವಾಗಿ ನಗುಮುಖ ಮಾಡಿಕೊಂಡರೆ ಸಂತೋಷ ಹೆಚ್ಚುವುದು ನಿಜ, ಆದರೆ ಅದು ಅಲ್ಪ ಎಂದು ಕಂಡುಬಂತು.

ಹಾಗಾದರೆ ಕೂಟಕ್ಕೆ ಹೋಗಬೇಕೇ? ಖಂಡಿತ ಹೋಗಿ. ನೀವೇ ಗಮನಿಸಿರಬಹುದು, ಮೊದಲ ಎರಡು ನಿಮಿಷದ ನಗು ನಾಟಕ. ಆಮೇಲೆ ಎದುರಿಗಿರುವವರ ಮುಖ, ಯಾರದೋ ಕೀರಲು ದನಿ, ಜಾರುತ್ತಿರುವ ಮಫ್ಲರು ಇವನ್ನೆಲ್ಲ ನೋಡಿ ನಿಜವಾದ ನಗುವೇ ಉಕ್ಕುತ್ತದೆ. ಹೋ ಹೋ ಹಾ ಹಾ ಅಲ್ಲಿಗೆ ಕರೆದೊಯ್ಯುವ ನೆಪ. ಜೊತೆಗೆ ಬೆಳಿಗ್ಗೆ ಎದ್ದು ನಡೆದುಹೋಗುತ್ತೀರಿ, ಹತ್ತಾರು ಜನರ ಮುಖ ನೋಡುತ್ತೀರಿ, ಒಂದು ದಿನ ಹೋಗದಿದ್ದರೆ ಯಾಕೆ ಬರಲಿಲ್ಲವೆಂದು ಕೇಳುವವರಿರುತ್ತಾರೆ. ಒಂದು ಭಾನುವಾರ ಮಗನನ್ನೂ ಕರೆದುಕೊಂಡು ಹೋಗಿ ನೋಡಿ.

ಪ್ರಶ್ನೆ: ನನಗೆ 54 ವರ್ಷ, ನಾಲ್ಕು ವರ್ಷದಿಂದ ಬಿಪಿಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ದಿನಕ್ಕೆ ಹತ್ತು ನಿಮಿಷ ನಕ್ಕರೆ ಬಿಪಿ, ಸಕ್ಕರೆ ಎರಡೂ ಹತೋಟಿಗೆ ಬರುತ್ತವೆ, ತೂಕವೂ ಇಳಿಯುತ್ತದೆ, ಮಕ್ಕಳು ದಿನಕ್ಕೆ 400 ಬಾರಿ ನಗುವುದರಿಂದಲೇ ಅವರಿಗೆ ಇಂಥ ಕಾಯಿಲೆ ಬರುವುದಿಲ್ಲ ಎಂದು ವಾಟ್ಸ್‌ಆ್ಯಪ್‌ನಲ್ಲಿ ಬಂದಿದೆ. ನಾನು ಮಾತ್ರೆ ಬಿಟ್ಟು ಇದನ್ನು ಪ್ರಯತ್ನಿಸಬಹುದೇ? – ಹಾಸನ

ಉತ್ತರ: ಬಿಡಬಾರದು. ಈ ಅಂಕಣದ ಮಿಕ್ಕ ಯಾವುದನ್ನು ಮರೆತರೂ ಈ ಮಾತನ್ನು ಮರೆಯಬೇಡಿ. ಬಿಪಿ ಮಾತ್ರೆಯನ್ನು ಏಕಾಏಕಿ ನಿಲ್ಲಿಸಿ, ಹದಿನೈದು ದಿನ ಚೆನ್ನಾಗಿದ್ದು, ಆಮೇಲೆ ಕೈಕಾಲು ಸ್ವಾಧೀನ ತಪ್ಪಿ ಬಂದವರನ್ನು ನಾನು ಕಂಡಿದ್ದೇನೆ. ಏರಿದ ರಕ್ತದೊತ್ತಡ ನೋಯುವುದಿಲ್ಲ, ಉರಿಯುವುದಿಲ್ಲ. ಹೀಗಾಗಿ ಮಾತ್ರೆ ಬಿಟ್ಟರೂ ಏನೂ ಆಗಲಿಲ್ಲವೆಂಬ ಭ್ರಮೆ ಸುಲಭವಾಗಿ ಹುಟ್ಟುತ್ತದೆ.

ಆದರೂ ಈ ಸಂದೇಶ ಎಲ್ಲಿಂದ ಹುಟ್ಟಿತೆಂಬುದನ್ನು ಹೇಳಬೇಕು, ಏಕೆಂದರೆ ಅದರ ಬುಡದಲ್ಲಿ ಒಂದು ಒಳ್ಳೆಯ ಪ್ರಯೋಗವಿದೆ. ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಹೃದ್ರೋಗ ತಜ್ಞ ಮೈಕೆಲ್ ಮಿಲ್ಲರ್ ಮತ್ತು ಸಂಗಡಿಗರು 2005ರಲ್ಲಿ 20 ಮಂದಿ ಆರೋಗ್ಯವಂತರಿಗೆ ಒಮ್ಮೆ ನಗೆಚಿತ್ರದ ತುಣುಕನ್ನೂ ಇನ್ನೊಮ್ಮೆ ಭೀಕರ ಯುದ್ಧದೃಶ್ಯವನ್ನೂ ತೋರಿಸಿ, ತೋಳಿನ ರಕ್ತನಾಳ ಎಷ್ಟು ಹಿಗ್ಗುತ್ತದೆಂದು ಅಲ್ಟ್ರಾಸೌಂಡಿನಲ್ಲಿ ಅಳೆದರು. ನಕ್ಕ ಬಳಿಕ ರಕ್ತದ ಹರಿವು ಸರಾಸರಿ ಶೇ 22ರಷ್ಟು ಹೆಚ್ಚಿತು, ಯುದ್ಧದೃಶ್ಯದ ಬಳಿಕ ಶೇ 35ರಷ್ಟು ಕುಗ್ಗಿತು. ರಕ್ತನಾಳದ ಒಳಪದರದ ಮೇಲೆ ಮನಃಸ್ಥಿತಿಯ ಪ್ರಭಾವ ಇಷ್ಟು ಬೇಗ ಕಾಣುತ್ತದೆಂಬುದು ದೊಡ್ಡ ಸಂಗತಿಯೇ. ಆದರೆ ಅವರು ಇಪ್ಪತ್ತೇ ಜನ, ಎಲ್ಲರೂ ಆರೋಗ್ಯವಂತರು, ಮತ್ತು ಅಳತೆ ತೆಗೆದದ್ದು ಚಿತ್ರ ನೋಡಿದ ಸ್ವಲ್ಪ ಹೊತ್ತಿಗೆ. ಬಿಪಿ ಇರುವವರು ಮಾತ್ರೆ ಬಿಟ್ಟು ನಕ್ಕರೆ ಆರು ತಿಂಗಳ ಮೇಲೆ ಏನಾಗುತ್ತದೆಂಬ ಪ್ರಶ್ನೆಯನ್ನು ಅವರು ಕೇಳಿಯೇ ಇರಲಿಲ್ಲ. ಆ ಮಿಕ್ಕ ಭಾಗವನ್ನು ಸಂದೇಶ ಬರೆದವರು ಸೇರಿಸಿದ್ದಾರೆ.

ತೂಕದ ವಿಷಯವನ್ನು ಅಮೆರಿಕದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದವರು ಅಳೆದು ನೋಡಿದ್ದಾರೆ. ಸ್ನೇಹಿತರ ಜೋಡಿಗಳನ್ನು ಉಸಿರಾಟವನ್ನು ಅಳೆಯುವ ಕೋಣೆಯಲ್ಲಿ ಕೂರಿಸಿ ನಗೆದೃಶ್ಯ ತೋರಿಸಿದಾಗ, 10ರಿಂದ 15 ನಿಮಿಷದ ನಗುವಿಗೆ ಖರ್ಚಾದದ್ದು 10ರಿಂದ 40 ಕ್ಯಾಲೊರಿ. ಬೆಳಗಿನ ತಿಂಡಿಯ ಒಂದು ಇಡ್ಲಿಗೆ ಸರಿಹೋಗಬಹುದು, ಜೊತೆಗಿನ ವಡೆಗೆ ಸಾಲದು. ಮಕ್ಕಳು 400 ಬಾರಿ ನಗುತ್ತಾರೆಂಬ ಲೆಕ್ಕ ಹತ್ತಾರು ವರ್ಷಗಳಿಂದ ಪುಸ್ತಕದಿಂದ ಪುಸ್ತಕಕ್ಕೆ ಓಡಾಡುತ್ತಿದೆ, ಆದರೆ ಅದಕ್ಕೆ ಆಧಾರವಾಗುವಂಥ ಎಣಿಕೆ ಇಲ್ಲ. ಮಕ್ಕಳಿಗೆ ಸಾಮಾನ್ಯವಾಗಿ ಬಿಪಿ ಬರದಿರುವುದಕ್ಕೆ ಅವರು ಮಕ್ಕಳೆಂಬುದೇ ಕಾರಣ.

ನಗಿ, ನಡೆಯಿರಿ, ಉಪ್ಪಿನಕಾಯಿ ಹಪ್ಪಳಗಳನ್ನು ಕಡಿಮೆ ಮಾಡಿ, ಮೂರು ತಿಂಗಳು ಬಿಟ್ಟು ಬಿಪಿ ನೋಡಿಸಿಕೊಳ್ಳಿ. ಅಂಕಿ ಇಳಿದಿದ್ದರೆ ಮಾತ್ರೆಯ ಪ್ರಮಾಣವನ್ನು ನಿಮ್ಮ ವೈದ್ಯರೇ ಇಳಿಸುತ್ತಾರೆ.

ಪ್ರಶ್ನೆ: ಹೇಳಲು ಸಂಕೋಚವಾಗುತ್ತದೆ. ನನಗೆ 46 ವರ್ಷ, ಎರಡು ಹೆರಿಗೆಯಾಗಿದೆ. ಜೋರಾಗಿ ನಕ್ಕರೆ, ಕೆಮ್ಮಿದರೆ, ಒಂದೆರಡು ಹನಿ ಮೂತ್ರ ಹೋಗಿಬಿಡುತ್ತದೆ. ಮದುವೆ ಮನೆಯಲ್ಲಿ ಅಕ್ಕತಂಗಿಯರೆಲ್ಲ ಸೇರಿ ನಗುವಾಗ ನಾನು ಎದ್ದು ಬೇರೆ ಕಡೆ ಹೋಗುತ್ತೇನೆ. ನಗು ಒಳ್ಳೆಯದೆಂದು ಎಲ್ಲರೂ ಬರೆಯುತ್ತಾರೆ, ನನ್ನಂಥವರು ಏನು ಮಾಡಬೇಕು? – ಧಾರವಾಡ

ಉತ್ತರ: ಈ ಸಲದ ಪತ್ರಗಳಲ್ಲಿ ನನಗೆ ಅತ್ಯಂತ ಮುಖ್ಯವೆನಿಸಿದ್ದು ನಿಮ್ಮದು. ಇದೇ ತೊಂದರೆಯನ್ನು ನಿಮ್ಮ ಅಕ್ಕತಂಗಿಯರಲ್ಲಿಯೇ ಇನ್ನೊಬ್ಬರು ಅನುಭವಿಸುತ್ತಿದ್ದು, ಅವರೂ ನಿಮ್ಮಂತೆ ಬಾಯಿ ಬಿಡದೆ ಇರಬಹುದು. ಅಷ್ಟು ಸಾಮಾನ್ಯವಾದದ್ದಿದು. ಹಾಗೆಂದು ವಯಸ್ಸಾದ ಮೇಲೆ ಇದೆಲ್ಲ ಇದ್ದದ್ದೇ ಎಂದು ಸುಮ್ಮನಾಗಬೇಕಿಲ್ಲ, ಬಹಳ ಮಂದಿಗೆ ಶಸ್ತ್ರಚಿಕಿತ್ಸೆಯಿಲ್ಲದೆಯೇ ಗುಣ ಕಾಣುತ್ತದೆ.

ಮೂತ್ರಕೋಶ ಮತ್ತು ಗರ್ಭಕೋಶಗಳನ್ನು ಕೆಳಗಿನಿಂದ ತೊಟ್ಟಿಲಿನಂತೆ ಎತ್ತಿಹಿಡಿದಿರುವ ಸ್ನಾಯುಗಳ ಪದರವೊಂದಿದೆ. ಹೆರಿಗೆಯಲ್ಲಿ ಅದು ಹಿಗ್ಗಿ ಸಡಿಲಾಗುತ್ತದೆ. ಮುಟ್ಟು ನಿಲ್ಲುವ ಕಾಲ, ಹೆಚ್ಚಿದ ತೂಕ, ಹಳೆಯ ಕೆಮ್ಮು, ಮಲಬದ್ಧತೆ ಇವೆಲ್ಲ ಅದನ್ನು ಇನ್ನಷ್ಟು ಸಡಿಲಿಸುತ್ತವೆ. ನಕ್ಕಾಗ ಹೊಟ್ಟೆಯೊಳಗಿನ ಒತ್ತಡ ಒಮ್ಮೆಲೇ ಏರಿ ಮೂತ್ರಕೋಶವನ್ನು ಅದುಮುತ್ತದೆ, ಕೆಳಗಿನ ಹಿಡಿತ ಸಾಲದೆ ಹನಿ ಜಾರುತ್ತದೆ. ಹಿಡಿತವನ್ನು ಮತ್ತೆ ಬಲಪಡಿಸುವ ವ್ಯಾಯಾಮವನ್ನು ಅಮೆರಿಕದ ವೈದ್ಯ ಆರ್ನಾಲ್ಡ್ ಕೆಗೆಲ್ 1948ರಲ್ಲಿ ಪ್ರಕಟಿಸಿದರು, ಅವರ ಹೆಸರಿನಿಂದಲೇ ಅದನ್ನು ಕರೆಯುತ್ತಾರೆ.

ಮೂತ್ರವನ್ನೂ ವಾಯುವನ್ನೂ ಒಟ್ಟಿಗೆ ತಡೆಹಿಡಿಯುವಾಗ ಯಾವ ಸ್ನಾಯುವನ್ನು ಒಳಗೆಳೆದುಕೊಳ್ಳುತ್ತೀರೋ ಅದನ್ನು ಎಳೆದು, ಐದು ಎಣಿಸುವವರೆಗೆ ಹಿಡಿದು, ಅಷ್ಟೇ ಹೊತ್ತು ಸಡಿಲ ಬಿಡಬೇಕು. ಹೀಗೆ ಹತ್ತು ಬಾರಿ, ದಿನಕ್ಕೆ ಮೂರು ಹೊತ್ತು. ಉಸಿರು ಕಟ್ಟಬಾರದು, ಹೊಟ್ಟೆ, ತೊಡೆ, ಪೃಷ್ಠಗಳನ್ನು ಬಿಗಿಯಬಾರದು. ಮೂತ್ರ ಮಾಡುವಾಗಲೇ ನಡುವೆ ತಡೆದು ಅಭ್ಯಾಸ ಮಾಡುವ ಕ್ರಮ ಬೇಡ. ಹಾಲು ಉಕ್ಕುವುದನ್ನು ಕಾಯುತ್ತ ನಿಂತಾಗಲೂ ಬಸ್ಸಿನಲ್ಲಿ ಕೂತಾಗಲೂ ಮಾಡಬಹುದು, ಯಾರಿಗೂ ತಿಳಿಯುವುದಿಲ್ಲ. ಫಲ ಕಾಣಲು ಮೂರು ತಿಂಗಳು ಬೇಕು. ನಗು ಬರುತ್ತಿದೆಯೆಂದು ಗೊತ್ತಾದ ಕ್ಷಣದಲ್ಲೇ ಒಮ್ಮೆ ಬಿಗಿದುಕೊಳ್ಳುವ ಉಪಾಯವನ್ನೂ ರೂಢಿಸಿಕೊಳ್ಳಿ. ಮೂರು ತಿಂಗಳಲ್ಲಿ ಗುಣ ಕಾಣದಿದ್ದರೆ, ಇಲ್ಲವೇ ಉರಿಮೂತ್ರ, ರಕ್ತ, ಏನೋ ಕೆಳಗೆ ಜಾರಿದಂತಹ ಅನುಭವ ಇದ್ದರೆ, ಸ್ತ್ರೀರೋಗ ತಜ್ಞರನ್ನು ಕಾಣಬೇಕು.

ನಗುವ ಹೆಂಗಸನ್ನು ನಂಬಬಾರದೆಂಬ ಗಾದೆಯನ್ನು ಕಟ್ಟಿದವರು, ಹೆಂಗಸರು ಬಾಯಿಗೆ ಸೆರಗು ಅಡ್ಡ ಹಿಡಿದು ನಗುವುದನ್ನು ಕಲಿಸಿದರು. ಅದರ ಮೇಲೆ ಈ ತೊಂದರೆಯೂ ಸೇರಿದರೆ ನಗುವ ಜಾಗದಿಂದಲೇ ಎದ್ದುಹೋಗಬೇಕಾಗುತ್ತದೆ. ಮುಂದಿನ ಮದುವೆಯಲ್ಲಿ ನೀವು ಎದ್ದುಹೋಗಬೇಡಿ. ಅಲ್ಲಿಯವರೆಗೆ ಒಂದು ಪ್ಯಾಡ್ ಸಾಕು.

ಪ್ರಶ್ನೆ: ನನ್ನ ತಮ್ಮನಿಗೆ ಬೆನ್ನುಮೂಳೆ ಬಿಗಿಯುವ ‘ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್’ ಇದೆ. ಇದೇ ಕಾಯಿಲೆಯನ್ನು ಅಮೆರಿಕದವರೊಬ್ಬರು ಹಾಸ್ಯಚಿತ್ರಗಳನ್ನು ನೋಡಿಯೇ ಗುಣಪಡಿಸಿಕೊಂಡರೆಂದು ಭಾಷಣವೊಂದರಲ್ಲಿ ಕೇಳಿದೆ. ನಿಜವೇ? – ಮಂಗಳೂರು

ಉತ್ತರ: ಅವರು ನಾರ್ಮನ್ ಕಸಿನ್ಸ್ ಎಂಬ ಪತ್ರಿಕಾ ಸಂಪಾದಕರು. 1964ರಲ್ಲಿ ಹಾಸಿಗೆ ಹಿಡಿದಾಗ, ಕೀಲುಗಳೆಲ್ಲ ಬಿಗಿದು ನಿದ್ದೆಯೂ ಬಾರದಂತಾಗಿತ್ತು. ಆಸ್ಪತ್ರೆ ಬಿಟ್ಟು ಹೋಟೆಲಿನ ಕೋಣೆಯೊಂದರಲ್ಲಿ ಹಾಸ್ಯಚಿತ್ರಗಳನ್ನು ಹಾಕಿಸಿಕೊಂಡು ನೋಡಿದರು, ವೈದ್ಯರ ಒಪ್ಪಿಗೆ ಪಡೆದು ದೊಡ್ಡ ಪ್ರಮಾಣದಲ್ಲಿ ವಿಟಮಿನ್ ಸಿ ತೆಗೆದುಕೊಂಡರು. ಹತ್ತು ನಿಮಿಷ ಹೊಟ್ಟೆತುಂಬ ನಕ್ಕರೆ ಎರಡು ತಾಸು ನೋವಿಲ್ಲದ ನಿದ್ದೆ ಸಿಗುತ್ತಿತ್ತೆಂದು 1976ರಲ್ಲಿ ಅಮೆರಿಕದ ಪ್ರಮುಖ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬರೆದರು. ವೈದ್ಯರಲ್ಲದವರ ಬರಹಕ್ಕೆ ಅಂಥ ಪತ್ರಿಕೆಯಲ್ಲಿ ಜಾಗ ಸಿಗುವುದೇ ಅಪರೂಪ.

ಅವರು ಚೇತರಿಸಿಕೊಂಡದ್ದು ನಿಜ. ಆದರೆ ನಕ್ಕದ್ದರಿಂದಲೇ ಚೇತರಿಸಿಕೊಂಡರೆಂದು ಒಬ್ಬರ ಕಥೆಯಿಂದ ಹೇಳಲಾಗದು. ಈ ಬಗೆಯ ಕಾಯಿಲೆಗಳು ತಾವಾಗಿಯೇ ಏರುತ್ತ ಇಳಿಯುತ್ತ ಇರುತ್ತವೆ, ಅವರಿಗಿದ್ದದ್ದು ಅದೇ ಕಾಯಿಲೆಯೇ ಎಂಬ ಬಗ್ಗೆಯೂ ಆಮೇಲೆ ಅನುಮಾನಗಳು ಬಂದವು. ಭಾಷಣಕಾರರು ಈ ಭಾಗವನ್ನು ಬಿಟ್ಟುಬಿಡುತ್ತಾರೆ.

ಆದರೆ ನೋವಿನ ಬಗ್ಗೆ ಅವರು ಹೇಳಿದ್ದರಲ್ಲಿ ಹುರುಳಿತ್ತು. ಆಕ್ಸ್‌ಫರ್ಡಿನ ರಾಬಿನ್ ಡನ್ಬಾರ್ ಮತ್ತು ಜೊತೆಗಾರರು 2011ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ತೋಳಿಗೆ ಕೊರೆಯುವ ತಣ್ಣನೆಯ ಪಟ್ಟಿ ಸುತ್ತಿಯೋ ಬಿಪಿ ನೋಡುವ ಪಟ್ಟಿಯನ್ನು ಬಿಗಿಯುತ್ತ ಹೋಗಿಯೋ, ಎಷ್ಟು ಹೊತ್ತು ತಾಳಿಕೊಳ್ಳುತ್ತೀರೆಂದು ಜನರನ್ನು ಪರೀಕ್ಷಿಸಿದರು. ಒಟ್ಟಿಗೆ ಕೂತು ಹಾಸ್ಯ ನೋಡಿ ನಕ್ಕವರು ಮುಂಚಿಗಿಂತ ಹೆಚ್ಚು ತಾಳಿಕೊಂಡರು. ನಗು ಬಾರದ ಸಾಕ್ಷ್ಯಚಿತ್ರ ನೋಡಿದವರಲ್ಲಿ ಈ ಬದಲಾವಣೆ ಕಾಣಲಿಲ್ಲ. ದೇಹವೇ ತಯಾರಿಸುವ, ಅಫೀಮಿನಂತೆ ನೋವನ್ನು ಮಂಕಾಗಿಸುವ ಎಂಡಾರ್ಫಿನ್ ಇದಕ್ಕೆ ಕಾರಣವಿರಬೇಕೆಂದು ಅವರು ಊಹಿಸಿದರು. 2017ರಲ್ಲಿ ಫಿನ್ಲೆಂಡಿನ ಟುರ್ಕು ನಗರದ ಸಂಶೋಧಕರು 12 ಮಂದಿ ಗಂಡಸರನ್ನು ಆಪ್ತ ಸ್ನೇಹಿತರೊಡನೆ ಅರ್ಧ ಗಂಟೆ ನಗಿಸಿ ಮಿದುಳಿನ ಸ್ಕ್ಯಾನ್ ತೆಗೆದಾಗ, ಅಂಥ ರಾಸಾಯನಿಕ ನಿಜಕ್ಕೂ ಬಿಡುಗಡೆಯಾಗುವುದಕ್ಕೆ ಕುರುಹು ಸಿಕ್ಕಿತು.

ಅಂದರೆ ನಿಮ್ಮ ತಮ್ಮನಿಗೆ ನಗು ನೋವನ್ನು ಸ್ವಲ್ಪ ಹೊತ್ತು ಹಿಂದೆ ಸರಿಸಬಹುದು, ಆದರೆ ಬೆನ್ನುಮೂಳೆಗಳು ಒಂದಕ್ಕೊಂದು ಬೆಸೆದುಕೊಳ್ಳುವುದನ್ನು ತಡೆಯದು. ಅದಕ್ಕೆ ಔಷಧ ಬೇಕು, ದಿನವೂ ಬೆನ್ನು ಚಾಚುವ ವ್ಯಾಯಾಮ ಬೇಕು, ಸಂಧಿವಾತ ತಜ್ಞರ ನಿಗಾ ಬೇಕು. ರಾತ್ರಿ ಅವರಿಗೆ ನೋವು ಹೆಚ್ಚಾದಾಗ ಮನೆಯವರು ಕೂತು ಏನಾದರೂ ಹಳೆಯ ತಮಾಷೆ ತೆಗೆದರೆ ಬೇಡವೆನ್ನುವವನು ನಾನಲ್ಲ.

ಪ್ರಶ್ನೆ: ಹರ್ನಿಯಾ ಶಸ್ತ್ರಚಿಕಿತ್ಸೆಯಾಗಿ ಹತ್ತು ದಿನವಾಗಿದೆ. ನಕ್ಕರೆ ಹೊಲಿಗೆ ಬಿಚ್ಚುತ್ತದೆಯೇ? – ಚಿತ್ರದುರ್ಗ

ಉತ್ತರ: ಸಾಮಾನ್ಯವಾಗಿ ಬಿಚ್ಚುವುದಿಲ್ಲ, ಆದರೆ ನೋಯುತ್ತದೆ. ನಗು, ಕೆಮ್ಮು, ಸೀನು ಬಂದಾಗ ಮಡಿಚಿದ ಟವೆಲನ್ನೋ ಚಿಕ್ಕ ದಿಂಬನ್ನೋ ಗಾಯದ ಮೇಲೆ ಒತ್ತಿ ಹಿಡಿದುಕೊಳ್ಳಿ. ಸಿಸೇರಿಯನ್ ಆದ ಬಾಣಂತಿಯರಿಗೂ ಇದೇ ಉಪಾಯ. ಉಬ್ಬು, ಕೀವು, ಜ್ವರ ಕಂಡರೆ ಶಸ್ತ್ರಚಿಕಿತ್ಸಕರಲ್ಲಿಗೆ ಹೋಗಿ. ಪ್ರಸಂಗವಶಾತ್ ಇನ್ನೊಂದು ಮಾತು: ಆಸ್ತಮಾ ಇರುವ ಮಗು ನಕ್ಕಾಗಲೆಲ್ಲ ಕೆಮ್ಮಿ ಏದುಸಿರು ಬಿಡುತ್ತಿದ್ದರೆ ಅದನ್ನು ನಗಬೇಡವೆಂದು ಗದರಬಾರದು. ಆಸ್ತಮಾ ಹತೋಟಿಯಲ್ಲಿಲ್ಲವೆಂಬುದರ ಸೂಚನೆಯದು, ಇನ್ಹೇಲರಿನ ಪ್ರಮಾಣವನ್ನು ಮರುಪರಿಶೀಲಿಸಬೇಕಾಗಬಹುದು.

ಪ್ರಶ್ನೆ: ನಮ್ಮ ತಂದೆಯವರಿಗೆ ಲಕ್ವ ಹೊಡೆದು ಎಂಟು ತಿಂಗಳಾಯಿತು. ಈಗ ಸಂಬಂಧವಿಲ್ಲದೆ ನಗುತ್ತಾರೆ. ನೆಂಟರೊಬ್ಬರ ಸಾವಿನ ಸುದ್ದಿ ಹೇಳಿದಾಗಲೂ ಜೋರಾಗಿ ನಕ್ಕರು, ಮರುಕ್ಷಣ ಅತ್ತರು. ಬುದ್ಧಿ ಕೆಟ್ಟಿದೆಯೆಂದು ಊರಿನವರು ಹೇಳುತ್ತಾರೆ. – ಕಲಬುರಗಿ

ಉತ್ತರ: ಬುದ್ಧಿ ಕೆಟ್ಟಿಲ್ಲ. ಮೊದಲ ಉತ್ತರದಲ್ಲಿ ನಗುವಿಗೆ ಎರಡು ದಾರಿಗಳಿವೆ ಎಂದೆನಲ್ಲ, ಅವುಗಳ ಮೇಲೆ ಮಿದುಳಿನ ಮೇಲ್ಭಾಗದ ಒಂದು ಕಡಿವಾಣವೂ ಇರುತ್ತದೆ. ಲಕ್ವದಲ್ಲಿ ಆ ಕಡಿವಾಣ ತುಂಡಾದರೆ ಸಣ್ಣ ಪ್ರಚೋದನೆಗೂ ನಗುವೋ ಅಳುವೋ ತಾನಾಗಿ ಸಿಡಿಯುತ್ತದೆ, ಒಳಗಿನ ಭಾವಕ್ಕೂ ಅದಕ್ಕೂ ಸಂಬಂಧವಿರುವುದಿಲ್ಲ. ಸಾವಿನ ಸುದ್ದಿಗೆ ನಕ್ಕ ನಿಮ್ಮ ತಂದೆಗೆ ದುಃಖವಾಗಿತ್ತು, ಮತ್ತು ತಾವು ನಕ್ಕೆವೆಂಬ ನಾಚಿಕೆಯೂ ಆಗಿರುತ್ತದೆ. ಪಾರ್ಕಿನ್ಸನ್ ಮುಂತಾದ ನರರೋಗಗಳಲ್ಲಿಯೂ ಹೀಗಾಗುವುದುಂಟು.

ಹಾಗಾದಾಗ ನೀವು ಅವರೊಡನೆ ನಗಬೇಡಿ, ಗದರಲೂ ಬೇಡಿ. ಮಾತಿನ ವಿಷಯವನ್ನು ಬದಲಿಸಿ, ಕೂತ ಭಂಗಿಯನ್ನು ಬದಲಿಸಿ, ನಿಧಾನವಾಗಿ ಉಸಿರು ಬಿಡಲು ಹೇಳಿ. ಮನೆಗೆ ಬರುವವರಿಗೆ ಇದು ಕಾಯಿಲೆಯ ಲಕ್ಷಣವೆಂದು ಮೊದಲೇ ತಿಳಿಸಿಡಿ. ಇದಕ್ಕೆ ಮಾತ್ರೆಗಳಿವೆ: ಖಿನ್ನತೆಗೆ ಕೊಡುವ ಕೆಲವು ಔಷಧಗಳೇ ಕಡಿಮೆ ಪ್ರಮಾಣದಲ್ಲಿ ಬಹಳ ಮಂದಿಗೆ ಉಪಯೋಗವಾಗುತ್ತವೆ. ನರರೋಗ ತಜ್ಞರಿಗೆ ತೋರಿಸಿ, ಮತ್ತು ನಗುವ ಒಂದು ಪ್ರಸಂಗವನ್ನು ಮೊಬೈಲಿನಲ್ಲಿ ಚಿತ್ರಿಸಿಕೊಂಡು ಹೋಗಿ. ಕೆಲವೊಮ್ಮೆ ಇಂಥ ನಗು ಅಪಸ್ಮಾರದ ಒಂದು ಬಗೆಯೂ ಆಗಿರಬಹುದಾದ್ದರಿಂದ, ವೈದ್ಯರಿಗೆ ನಿಮ್ಮ ವಿವರಣೆಗಿಂತ ಆ ಅರ್ಧ ನಿಮಿಷದ ಚಿತ್ರವೇ ಹೆಚ್ಚು ಹೇಳುತ್ತದೆ.

ಪ್ರಶ್ನೆ: ದಿನವಿಡೀ ಕಂಪ್ಯೂಟರ್ ಮುಂದೆ ಕೂರುವುದರಿಂದ ಕಣ್ಣು ಒಣಗಿ ಉರಿಯುತ್ತದೆ. ನಕ್ಕರೆ ಇದೂ ವಾಸಿಯಾಗುತ್ತದೆಂದು ಗೆಳೆಯ ಹೇಳಿದ. ತಮಾಷೆ ಮಾಡುತ್ತಿದ್ದಾನೆಯೇ? – ಬೆಂಗಳೂರು

ಉತ್ತರ: ನಾನೂ ಮೊದಲು ಹಾಗೆಯೇ ತಿಳಿದೆ. ಆದರೆ 2024ರಲ್ಲಿ ಬ್ರಿಟನ್ನಿನ ಹೆಸರಾಂತ ವೈದ್ಯಕೀಯ ಪತ್ರಿಕೆಯಲ್ಲಿ ಚೀನಾದ ಪ್ರಯೋಗವೊಂದು ಪ್ರಕಟವಾಗಿದೆ. ಒಣಗಣ್ಣಿನವರಲ್ಲಿ ಒಂದು ಗುಂಪು ದಿನಕ್ಕೆ ನಾಲ್ಕು ಸಲ, ಐದೈದು ನಿಮಿಷ, ‘ಹೀ ಹೀ ಹೀ, ಹಾ ಹಾ ಹಾ, ಚೀಸ್ ಚೀಸ್ ಚೀಸ್’ ಎಂಬಂಥ ಸಾಲನ್ನು ಮುಖ ಅರಳಿಸಿ ಹೇಳಬೇಕಿತ್ತು, ಇನ್ನೊಂದು ಗುಂಪು ನಾಲ್ಕು ಸಲ ಕಣ್ಣಿಗೆ ಹನಿ ಹಾಕಿಕೊಳ್ಳಬೇಕಿತ್ತು. ಎಂಟು ವಾರಗಳ ಬಳಿಕ ನಕ್ಕವರ ಫಲ ಹನಿ ಹಾಕಿಕೊಂಡವರದಕ್ಕಿಂತ ಕಡಿಮೆಯಿರಲಿಲ್ಲ. ಇದರ ಮೇಲೆ ಇನ್ನಷ್ಟು ಪ್ರಯೋಗಗಳಾಗಲಿ. ಸದ್ಯಕ್ಕೆ ಹನಿಯನ್ನು ಬಿಡಬೇಡಿ, ಪರದೆಯಿಂದ ಆಗಾಗ ಕಣ್ಣು ತೆಗೆದು ದೂರ ನೋಡಿ, ರೆಪ್ಪೆ ಬಡಿಯಿರಿ. ಕಚೇರಿಯಲ್ಲಿ ಹೀ ಹೀ ಹೀ ಆರಂಭಿಸುವ ಮುನ್ನ ಪಕ್ಕದವರಿಗೆ ತಿಳಿಸಿಡುವುದು ಒಳ್ಳೆಯದು.

ಪ್ರಶ್ನೆ: ನನಗೆ 72 ವರ್ಷ. ಯಜಮಾನರು ತೀರಿಕೊಂಡು ಎರಡು ವರ್ಷವಾಯಿತು, ಮಗ ಸೊಸೆ ಅಮೆರಿಕದಲ್ಲಿದ್ದಾರೆ. ನಗಬೇಕೆಂದು ಟಿವಿಯಲ್ಲಿ ಬರುವ ಹಾಸ್ಯ ಕಾರ್ಯಕ್ರಮಗಳನ್ನು ತಪ್ಪದೆ ನೋಡುತ್ತೇನೆ. ತಮಾಷೆಯೆಂದು ತಿಳಿಯುತ್ತದೆ, ಆದರೆ ನಗುವೇ ಬರುವುದಿಲ್ಲ. ಮೊದಲು ಹೀಗಿರಲಿಲ್ಲ. ಪಕ್ಕದ ಮನೆಯಾಕೆಗೆ ಕುಕ್ಕರಿನ ಸೀಟಿ ಎಣಿಸಲು ಎಂದೂ ನೆನಪಿರುವುದಿಲ್ಲ. ದಿನಾ ನಮ್ಮ ಬಾಗಿಲಿಗೆ ಬಂದು ‘ನಮ್ಮನೆ ಕುಕ್ಕರ್ ಎಷ್ಟು ಸಲ ಕೂಗ್ತು ಅಮ್ಮಾ?’ ಎಂದು ನನ್ನನ್ನೇ ಕೇಳುತ್ತಾಳೆ. ಆಗ ಒಂದಿಷ್ಟು ನಗು ಬರುತ್ತದೆ, ಅಷ್ಟೇ. – ಮೈಸೂರು

ಉತ್ತರ: ತಾಯಿ, ಟಿವಿ ಎದುರು ನಗು ಬಾರದಿರುವುದು ನಿಮ್ಮ ದೋಷವಲ್ಲ. ಅಮೆರಿಕದ ನರವಿಜ್ಞಾನಿ ರಾಬರ್ಟ್ ಪ್ರೊವೈನ್ ಅಂಗಡಿ ಬೀದಿಗಳಲ್ಲಿ, ಕಾಲೇಜಿನ ಪಡಸಾಲೆಗಳಲ್ಲಿ ಜನ ನಗುವ 1,200 ಸಂದರ್ಭಗಳನ್ನು ಕದ್ದು ಆಲಿಸಿ ಬರೆದುಕೊಂಡರು. ಅವುಗಳಲ್ಲಿ ನಗೆಹನಿಯಂಥ ಮಾತಿಗೆ ಬಂದ ನಗು ಶೇ 20ನ್ನೂ ಮೀರಲಿಲ್ಲ, ಮಿಕ್ಕದ್ದೆಲ್ಲ ‘ನಾನಿನ್ನು ಬರ್ತೀನಿ’, ‘ನೋಡು, ಇವನೂ ಬಂದ’ ಎಂಬಂಥ ಸಪ್ಪೆ ಮಾತುಗಳ ಹಿಂದೆ ಬಂದದ್ದು. ವಿದ್ಯಾರ್ಥಿಗಳಿಂದ ದಿನಚರಿ ಬರೆಸಿದಾಗ, ಒಬ್ಬರೇ ಇರುವಾಗ ನಗುವುದಕ್ಕಿಂತ ಜೊತೆಯಲ್ಲಿದ್ದಾಗ 30 ಪಟ್ಟು ಹೆಚ್ಚು ನಗುತ್ತಾರೆಂದು ಕಂಡುಬಂತು. ಟಿವಿಯ ಹಾಸ್ಯಕ್ಕೆ ನೀವು ಮೊದಲು ನಗುತ್ತಿದ್ದಾಗ ಪಕ್ಕದ ಕುರ್ಚಿಯಲ್ಲಿ ಇನ್ನೊಬ್ಬರಿದ್ದರು.

ನಿಮ್ಮನ್ನು ಒಂದು ವಿಷಯ ಕೇಳಬೇಕಾಗಿದೆ. ನಗು ಬಾರದಿರುವುದರ ಜೊತೆಗೆ ನಿದ್ದೆ ಕೆಟ್ಟಿದೆಯೇ, ಊಟ ರುಚಿಸುತ್ತಿಲ್ಲವೇ, ಮೊದಲು ಇಷ್ಟವಾಗಿದ್ದ ಪೂಜೆ, ಹೂವು, ಓದು ಯಾವುದೂ ಬೇಡವೆನಿಸಿದೆಯೇ? ಎರಡು ವಾರಕ್ಕಿಂತ ಹೆಚ್ಚು ಕಾಲ ಹೀಗಿದ್ದರೆ ಅದು ಖಿನ್ನತೆಯಿರಬಹುದು. ಅದು ಚಿಕಿತ್ಸೆಯಿಂದ ಗುಣವಾಗುವ ಕಾಯಿಲೆ, ಮನಸ್ಸು ಗಟ್ಟಿಮಾಡಿಕೊಳ್ಳಿ ಎಂಬ ಉಪದೇಶದಿಂದ ಗುಣವಾಗುವುದಲ್ಲ. ಹತ್ತಿರದ ವೈದ್ಯರನ್ನು ಕಾಣಿ. ಮನೆಯಿಂದಲೇ ಮಾತನಾಡಬೇಕೆಂದರೆ ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡುತ್ತಾರೆ, ಶುಲ್ಕವಿಲ್ಲ.

ಅದೇನೂ ಇಲ್ಲವೆಂದಾದರೆ, ಹಾಸ್ಯ ಕಾರ್ಯಕ್ರಮದ ಗಂಟೆಯನ್ನು ಕಡಿಮೆ ಮಾಡಿ, ಜನರ ನಡುವಿನ ಗಂಟೆಯನ್ನು ಹೆಚ್ಚಿಸಿಕೊಳ್ಳಿ. ಮಗನಿಗೆ ವಿಡಿಯೊ ಕರೆ ಮಾಡಿದಾಗ ‘ಊಟ ಆಯ್ತಾ, ಮಾತ್ರೆ ತಗೊಂಡ್ಯಾ’ ಎಂಬಲ್ಲಿಗೆ ಮುಗಿಸದೆ, ಫೋನನ್ನು ಅಡುಗೆಕಟ್ಟೆಯ ಮೇಲೆ ನಿಲ್ಲಿಸಿ ಅರ್ಧ ಗಂಟೆ ಸುಮ್ಮನೆ ಜೊತೆಗಿರಲು ಹೇಳಿ. ಮೊಮ್ಮಕ್ಕಳ ಎಡವಟ್ಟು ಕನ್ನಡವೇ ನಿಮಗೆ ಸಾಕಷ್ಟು ನಗು ತರಿಸಬಹುದು. ಮತ್ತು ಆ ಪಕ್ಕದ ಮನೆಯಾಕೆ: ನಾಳೆ ಅವರು ಸೀಟಿಯ ಲೆಕ್ಕ ಕೇಳಲು ಬಂದಾಗ ಬಾಗಿಲಲ್ಲೇ ಉತ್ತರ ಕೊಟ್ಟು ಕಳಿಸಬೇಡಿ. ಒಲೆ ಆರಿಸಿ ಬರಲು ಹೇಳಿ, ಒಳಗೆ ಕೂರಿಸಿ, ಇಬ್ಬರಿಗೂ ಕಾಫಿ ಬೆರೆಸಿ.